ವೀಕೆಂಡ್‌ಗೆ ಸುರಪುರ: ಅಪ್ಪ ತೋರಿಸಿದ ಮ್ಯೂಸಿಯಂ

ನಿಮ್ಮ ಆಫೀಸಿನಲ್ಲೂ ಹೀಗೇ ಇರಬಹುದು. ಶುಕ್ರವಾರ ಮಧ್ಯಾಹ್ನ ಮೂರು ಗಂಟೆ ಆದರೆ ಸಾಕು, 'ವೀಕೆಂಡ್ ಏನ್ ಪ್ಲಾನ್?' ಶುರುವಾಗುತ್ತೆ. ನಮ್ಮ ಟೀಮಿನಲ್ಲಿ ನನಗೆ 'ಮ್ಯೂಸಿಯಂ ಹುಚ್ಚಿ' ಅಂತಲೇ ಹೆಸರು. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಇಡೀ ದಿನ ಕಳೆದವಳು ನಾನು. ಬಿಡುವು ಸಿಕ್ಕಾಗಲೆಲ್ಲ ಚಿತ್ರಕಲಾ ಪರಿಷತ್ತಿಗೆ ಓಡುವವಳು. ಯಾವ ಊರಿಗೆ ಹೋದರೂ ಕ್ಯಾಬ್ ಬಿಟ್ಟು ನಡೆದೇ ಸುತ್ತುವವಳು.

ಇಂಥ ನನ್ನನ್ನು ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕೇಳಿದಳು: 'ಅಕ್ಕ, ನಿಮ್ಮದು ಯಾದಗಿರಿ ಕಡೆ ಅಲ್ವಾ? ಅಲ್ಲಿ ಸುರಪುರ ಪೇಂಟಿಂಗ್ ಅಂತ ಇದೆಯಲ್ಲ, ಅದು ಎಲ್ಲಿ ನೋಡೋಕೆ ಸಿಗುತ್ತೆ?'

ನಾನು ಹುಟ್ಟಿದ್ದೇ ಸುರಪುರದಲ್ಲಿ. ಉತ್ತರ ಮಾತ್ರ ನನ್ನ ಹತ್ತಿರ ಇರಲಿಲ್ಲ.

ಅದೇ ವಾರ ಯಾದಗಿರಿಯಿಂದ ಅಪ್ಪನ ಫೋನ್. 'ಸುರಪುರದ ಮನಿ ಕೇಳ್ಲಾಕ ಒಬ್ಬರು ಬಂದಾರ. ಒಂದ್ ಸಲ ಬಂದು ನೋಡಿ ಹೋಗವ್ವ. ಮಾರಿದ ಮ್ಯಾಲ, ನನಗ ತೋರಿಸಲೇ ಇಲ್ಲ ಅನಬ್ಯಾಡ.' ಬೆಂಗಳೂರಿನಲ್ಲಿ ರಾತ್ರಿ ರೈಲು ಹತ್ತಿದೆ. ಬೆಳಿಗ್ಗೆ ಯಾದಗಿರಿ ಸ್ಟೇಷನ್ನಿನಲ್ಲಿ ಅಪ್ಪ ನಿಂತಿದ್ದರು. 'ಅಪ್ಪ, ಈ ಎರಡು ದಿನ ನಾವಿಬ್ಬರೂ ನಡ್ಕೊಂಡೇ ಅಡ್ಡಾಡೋಣ' ಅಂದೆ. 'ನನ್ನ ಮೊಣಕಾಲು ಕೇಳಿ ಹೇಳ್ತೀನಿ' ಅಂದರು.

ಮೊದಲ ದಿನ ಯಾದಗಿರಿ ಕೋಟೆ. ಹೈಸ್ಕೂಲು ಮುಗಿಯುವ ತನಕ ಈ ಬೆಟ್ಟದ ಕೆಳಗೇ ಓಡಾಡಿದವಳು ನಾನು. ಮೇಲೆ ಹತ್ತಿದ್ದು ಒಂದೇ ಸಲ, ಅದೂ ಶಾಲೆಯವರು ಕರೆದುಕೊಂಡು ಹೋಗಿದ್ದಕ್ಕೆ. ಅಪ್ಪ ಬುಡದಲ್ಲೇ ಸುಸಲಾ, ಮಿರ್ಚಿ ಹಿಡಿದು ಕೂತರು, ನಾನು ಹತ್ತಿದೆ. ಬಂಡೆಯಿಂದ ಬಂಡೆಗೆ ಗೋಡೆ ಕಟ್ಟಿಕೊಂಡು ಏರುವ ಕೋಟೆ ಇದು. ಇಲ್ಲಿ ಆಳಿದವರು ಒಬ್ಬರಲ್ಲ, ಹತ್ತು ಜನ. ಒಬ್ಬರು ಕಟ್ಟಿದ್ದರ ಮೇಲೆ ಇನ್ನೊಬ್ಬರು ಕಟ್ಟುತ್ತಾ ಹೋಗಿದ್ದಾರೆ. ಮೇಲಿಂದ ನೋಡಿದರೆ ಊರು ಅಂಗೈಯಲ್ಲಿ ಇಟ್ಟ ಹಾಗೆ ಕಾಣುತ್ತೆ. 2009ರ ಡಿಸೆಂಬರ್‌ವರೆಗೆ ಇದು ಕಲಬುರಗಿ ಜಿಲ್ಲೆಯದೇ ಒಂದು ತಾಲ್ಲೂಕು. ಈಗ ಜಿಲ್ಲಾ ಕೇಂದ್ರ.

ಮಧ್ಯಾಹ್ನ ಶಹಾಪುರದ ಬಸ್. ಭೀಮಾ ಸೇತುವೆ ದಾಟಿ ಒಂದು ಗಂಟೆಯ ದಾರಿ. ಶಹಾಪುರ ಹತ್ತಿರ ಬರುತ್ತಿದ್ದ ಹಾಗೆ ಅಪ್ಪ ಕಿಟಕಿಯ ಕಡೆ ಬೆರಳು ಮಾಡುತ್ತಲೇ ಇದ್ದರು. 'ಈಗಲ್ಲ... ಇನ್ನೂ ಈಗಲ್ಲ... ಇಳಿದ ಮ್ಯಾಲ ನಡಕೊಂತ ಹೋಗಿ ನೋಡಬೇಕು.' ಇಳಿದು, ಊರ ಹೊರಗೆ ಸ್ವಲ್ಪ ದೂರ ನಡೆದು, ಅವರು ಹೇಳಿದ ಜಾಗದಲ್ಲಿ ನಿಂತು ತಿರುಗಿದೆ. ಮಲಗಿದ ಬುದ್ಧ! ಹಣೆ, ಮೂಗು, ತುಟಿ, ಗದ್ದ, ಎದೆ, ಎಲ್ಲಾ ಬೆಟ್ಟದ ಸಾಲೇ. ಯಾರೂ ಕೆತ್ತಿದ್ದಲ್ಲ. ನಾಲ್ಕು ಹೆಜ್ಜೆ ಆಚೀಚೆ ಹೋದರೆ ಮತ್ತೆ ಬರೀ ಕಲ್ಲುಬಂಡೆ. ಬಸ್ಸಿನಲ್ಲಿ ಈ ದಾರಿಯಲ್ಲಿ ನಾನು ಎಷ್ಟು ಸಲ ಓಡಾಡಿದ್ದೇನೋ, ಪ್ರತಿ ಸಲವೂ ಕಣ್ಣು ಫೋನಿನಲ್ಲೇ ಇತ್ತು.

ರಾತ್ರಿ ಶಹಾಪುರದಲ್ಲಿ ಅತ್ತೆಯ ಮನೆಯಲ್ಲಿ ಉಳಿದು, ಮರುದಿನ ಬೆಳಿಗ್ಗೆ ಸುರಪುರಕ್ಕೆ ಹೋದೆವು.

ಸುರಪುರವನ್ನು ನಡೆದೇ ನೋಡಬೇಕು. ಸುತ್ತ ಗುಡ್ಡ, ನಡುವೆ ಊರು. ಓಣಿಗಳು ಏರುತ್ತವೆ, ಇಳಿಯುತ್ತವೆ, ಎಲ್ಲೋ ಒಂದು ಕಡೆ ಬಂಡೆಗೇ ಹೋಗಿ ನಿಲ್ಲುತ್ತವೆ. ನಾವು ದರ್ಬಾರಿನ ಕಡೆಯಿಂದ ಶುರು ಮಾಡಿ ವೇಣುಗೋಪಾಲಸ್ವಾಮಿ ಗುಡಿಗೆ ಹೋದೆವು. ಆಮೇಲೆ ನಿಧಾನಕ್ಕೆ ಗುಡ್ಡದ ಮೇಲಿನ ಟೇಲರ್ ಮಂಜಿಲ್‌ಗೆ. ಪ್ರತಿ ತಿರುವಿನಲ್ಲೂ ಅಪ್ಪನಿಗೆ ಒಬ್ಬರು ಗುರುತಿನವರು. 'ಯಾವಾಗ ಬಂದ್ರಿ ಸರ್? ಮಗಳೇನ್ರಿ?' ಎಲ್ಲರಿಗೂ ಉತ್ತರ ಹೇಳಿ, ಎರಡು ಕಡೆ ಚಹಾ ಕುಡಿದು ಮೇಲೆ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು.

ಈ ಬಂಗಲೆ ಕಟ್ಟಿಸಿದ್ದು ಫಿಲಿಪ್ ಮೆಡೋಸ್ ಟೇಲರ್. 1840ರ ದಶಕದಲ್ಲಿ ಬ್ರಿಟಿಷರ ಅಧಿಕಾರಿಯಾಗಿ ಇಲ್ಲಿಗೆ ಬಂದವನು, ಕಾದಂಬರಿಕಾರನೂ ಹೌದು. ರಾಜ್ಯದ ವಾರಸುದಾರ ವೆಂಕಟಪ್ಪ ನಾಯಕ ಆಗ ಇನ್ನೂ ಹುಡುಗ. ಅವನನ್ನು ಓದಿಸಿ ಬೆಳೆಸುವ ಹೊಣೆ ಟೇಲರ್‌ನ ಮೇಲಿತ್ತು. ಹುಡುಗ ಅವನನ್ನು 'ಅಪ್ಪಾ' ಅಂತಲೇ ಕರೆಯುತ್ತಿದ್ದನಂತೆ. ಅದೇ ಹುಡುಗ ದೊಡ್ಡವನಾಗಿ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ. ಸೋತ, ಸೆರೆಯಾದ, ಆ ಎಳೆ ವಯಸ್ಸಿನಲ್ಲೇ ಗುಂಡಿಗೆ ಬಲಿಯಾದ. ಸಂಸ್ಥಾನ ನಿಜಾಮರ ಪಾಲಾಯಿತು.

'ರಾಜ ಹೋದ ಮ್ಯಾಲ ಚಿತ್ರ ಬರೆಯೋರಿಗೆ ಅನ್ನ ಹಾಕೋರು ಯಾರು?' ಅಂದರು ಅಪ್ಪ. ಸುರಪುರ ಚಿತ್ರಕಲೆ ಅಂದರೆ ಅಂಗೈಯಷ್ಟು, ಪುಸ್ತಕದಷ್ಟು ಅಗಲದ ಸಣ್ಣ ಚಿತ್ರಗಳು. ಕೃಷ್ಣ, ರಾಮಾಯಣದ ಕಥೆ, ನಾಯಕ ದೊರೆಗಳ ಭಾವಚಿತ್ರ. ಕಿರೀಟಕ್ಕೆ, ಒಡವೆಗೆ ಬಂಗಾರದ ಲೇಪ. ಗರುಡಾದ್ರಿ ಮನೆತನದಂಥ ಕಲಾವಿದರು ತಲೆಮಾರುಗಟ್ಟಲೆ ಬರೆದರು. ದರ್ಬಾರೇ ಇಲ್ಲವಾದಾಗ ಬೇಡಿಕೆ ಕುಗ್ಗಿತು. ಬರೆದಿದ್ದ ಚಿತ್ರಗಳೂ ಒಂದೊಂದಾಗಿ ಊರು ಬಿಟ್ಟವು.

'ಹೆಂಗ ಬಿಟ್ಟವು ಅಪ್ಪ?'

ಅಪ್ಪ ಮಾತಾಡಲಿಲ್ಲ. 'ಮನಿಗೆ ನಡಿ' ಅಂದರು.

ನಮ್ಮ ಮನೆ ಗುಡ್ಡದ ಇಳಿಜಾರಿನಲ್ಲಿದೆ. ಕಲ್ಲಿನ ಗೋಡೆ, ಫರ್ಸಿ ಹಾಸಿದ ಪಡಸಾಲೆ. ಬಾಗಿಲು ತೆಗೆದು ಅಪ್ಪ ನೇರ ಒಳಗಿನ ಗೋಡೆಯ ಹತ್ತಿರ ಹೋದರು. ಅಲ್ಲೊಂದು ಹಳೇ ಮೊಳೆ. ಚಿಕ್ಕವಳಿದ್ದಾಗ ನಾನು ಅದಕ್ಕೆ ಸ್ಕೂಲ್ ಬ್ಯಾಗ್ ತೂಗುಹಾಕುತ್ತಿದ್ದೆ.

'ಇಲ್ಲೊಂದು ಚಿತ್ರ ಇತ್ತು' ಅಂದರು. 'ವೇಣುಗೋಪಾಲಂದು. ಎಪ್ಪತ್ತೆರಡರ ಬರದಾಗ ಮುತ್ಯಾ ಅದನ್ನ ಹೊರಗಿಂದ ಬಂದ ಒಬ್ಬರಿಗೆ ಕೊಟ್ಟ. ಎರಡು ಚೀಲ ಜ್ವಾಳದ ರೊಕ್ಕ ಬಂತು. ನನಗ ಆಗ 11 ವರ್ಷ. ಧೋತರದಾಗ ಸುತ್ತಿ ಬಸ್ ಸ್ಟ್ಯಾಂಡಿಗೆ ಒಯ್ದು ಕೊಟ್ಟಾಂವ ನಾನೇ.'

ಇಷ್ಟು ವರ್ಷ ಈ ಮಾತು ಮನೆಯಲ್ಲಿ ಯಾರೂ ಆಡಿರಲಿಲ್ಲ. ನನಗೆ ಮೊದಲು ಬಂದದ್ದು ಸಿಟ್ಟು. ಎರಡು ಚೀಲ ಜೋಳಕ್ಕಾ? ಬಾಯಿ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಪ್ಪ ಅಂದರು: 'ಆ ರೊಟ್ಟಿ ತಿಂದೇ ನಾವು ಐದು ಮಂದಿ ಆ ವರ್ಷ ದಾಟಿದ್ವಿ. ಮುತ್ಯಾ ಮಾಡಿದ್ದು ತಪ್ಪು ಅಂತ ನಾ ಅನ್ನಂಗಿಲ್ಲ. ಆದ್ರ ಅವ ಸಾಯೋ ತನಕ ಈ ಗ್ವಾಡಿಗೆ ಬೇರೆ ಫೋಟೊ ಹಾಕ್ಲಿಲ್ಲ.'

ಸಾಲಾರ್ ಜಂಗ್‌ನಲ್ಲಿ ಗಾಜಿನ ಆಚೆಗಿನ ಚಿತ್ರಗಳನ್ನು ನೋಡುತ್ತಾ, ಇದು ಯಾರ ಮನೆಯ ಗೋಡೆಯಿಂದ ಬಂದಿರಬಹುದು ಅಂತ ನಾನು ಒಂದು ಸಲವೂ ಯೋಚಿಸಿರಲಿಲ್ಲ.

ಕಟ್ಟೆಯ ಮೇಲೆ ಕೂತು ಫೋನ್ ತೆಗೆದೆ. ಒಂದು ಉಪಾಯ ನೆನಪಿಡಿ: 'ಸುರಪುರ' ಅಂತ ಹುಡುಕಿದರೆ ಸಿಗದ ಚಿತ್ರಗಳು, ಬ್ರಿಟಿಷರ ಕಾಲದ 'ಶೋರಾಪುರ್' ಸ್ಪೆಲ್ಲಿಂಗ್ ಹಾಕಿದರೆ ಸಿಗುತ್ತವೆ. ಕೆಲವು ಬಂದವು. ಎಲ್ಲೋ ದೂರದ ದೇಶದ ಸಂಗ್ರಹದಲ್ಲಿ ಇರುವಂಥವು. ಅಪ್ಪ ಕನ್ನಡಕ ಏರಿಸಿ, ಎರಡು ಬೆರಳಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದರು.

'ಇದಲ್ಲ. ನಮ್ಮದ್ರಾಗ ಕರು ಈ ಕಡಿ ಮಾರಿ ಮಾಡಿತ್ತು. ಗಿಡದ ಮ್ಯಾಲ ಎರಡು ಗಿಳಿ. ಅಂಚಿಗೆ ಕೆಂಪು ಗೆರಿ. ಕೆಳಗ ಬಲಗಡಿ ಮೂಲಿ ಸ್ವಲ್ಪ ಹರಿದಿತ್ತು, ನಾನೇ ಹರಿದಿದ್ದೆ, ಹೊಡೆತಾನೂ ತಿಂದಿದ್ದೆ.'

ಐವತ್ತು ವರ್ಷ ದಾಟಿದ ಮೇಲೂ ಹರಿದ ಮೂಲೆ ಸಮೇತ ನೆನಪಿದೆ! ನಾನು ಫೋನಿನಲ್ಲಿ ನೋಟ್ಸ್ ತೆರೆದು, ಅವರು ಹೇಳಿದ್ದನ್ನೆಲ್ಲ ಬರೆದುಕೊಂಡೆ. ಅಳತೆ ಕೇಳಿದೆ, ಕೈಯಲ್ಲಿ ತೋರಿಸಿದರು. ಬಣ್ಣ ಕೇಳಿದೆ, ಅಮ್ಮನ ಇಂಥ ಸೀರೆಯ ಹಾಗೆ ಅಂದರು. ಆ ಚಿತ್ರ ಈಗ ಎಲ್ಲಿದೆಯೋ. ಆದರೆ ಅದು ಹೇಗಿತ್ತು ಅನ್ನುವುದು ಅಪ್ಪನಿಗೆ ಮಾತ್ರ ಗೊತ್ತು. ಈಗ ನನಗೂ ಗೊತ್ತು.

ಹಾಗಾಗಿ, ಮುಂದಿನ ವೀಕೆಂಡ್ ಊರಿಗೆ ಹೋಗುವವರಿಗೆ ನನ್ನ ಒಂದೇ ಮಾತು. ಕೋಟೆ, ಗುಡಿ, ಬೆಟ್ಟ ಎಲ್ಲ ನೋಡಿ. ನಮ್ಮ ಕಡೆ ಬರುವುದಾದರೆ ಬೇಸಿಗೆ ಬಿಟ್ಟು ನವೆಂಬರ್‌ನಿಂದ ಫೆಬ್ರವರಿ ಒಳಗೆ ಬನ್ನಿ, ನೀರಿನ ಬಾಟಲಿ ಮರೀಬೇಡಿ. ಜೊತೆಗೆ ಮನೆಯ ಹಿರಿಯರೊಬ್ಬರನ್ನು ಕರ್ಕೊಂಡು ನಡೆಯಿರಿ. ಈ ಗೋಡೆಯ ಮೇಲೆ ಮೊದಲು ಏನಿತ್ತು ಅಂತ ಕೇಳಿ. ಇನ್ನೂ ಏನಾದರೂ ಉಳಿದಿದ್ದರೆ ಮುಂದಿನಿಂದ, ಹಿಂದಿನಿಂದ ಎರಡೂ ಕಡೆ ಫೋಟೊ ತೆಗೆದಿಡಿ. ಯಾರು ಕೊಟ್ಟದ್ದು, ಯಾವಾಗಿನದು ಅಂತ ಅವರ ಧ್ವನಿಯಲ್ಲೇ ರೆಕಾರ್ಡ್ ಮಾಡಿ.

ಮನೆಯ ವಿಷಯ ಇನ್ನೂ ತೀರ್ಮಾನ ಆಗಿಲ್ಲ. ಕೇಳಲು ಬಂದವರಿಗೆ ಅಪ್ಪ ಒಂದು ತಿಂಗಳು ಟೈಮ್ ಕೇಳಿದ್ದಾರೆ. ಸೋಮವಾರ ಆಫೀಸಿನಲ್ಲಿ ಆ ಹುಡುಗಿಗೆ ಇಷ್ಟೂ ಹೇಳಿದೆ. 'ಅಕ್ಕ, ನಾನೂ ಬರಬಹುದಾ?' ಅಂದಳು.

ನಿನ್ನೆ ರಾತ್ರಿ ಹತ್ತೂವರೆಗೆ ಅಪ್ಪನ ಫೋನ್. ಗಾಬರಿಯಾಗಿ ಎತ್ತಿದೆ.

'ಮಲಗಿದ್ದೇನವ್ವ? ಇನ್ನೊಂದು ನೆನಪಾತು, ಬರ್ಕೋ. ಕೃಷ್ಣನ ಕಾಲ ಹತ್ರ ಒಂದು ನವಿಲೂ ಇತ್ತು.'