ಕಾರ್ತಿಕದ ಕೊನೆಯಲ್ಲಿ ಬೈಸಿಕಲ್ ವಿಹಾರ

ಈ ಸಂಚಿಕೆಯು ವಾಚಕ ಮಹಾಶಯರ ಕೈಸೇರುವ ವೇಳೆಗೆ ದೀಪಾವಳಿಯು ಕಳೆದು, ಕಾರ್ತಿಕದ ಕೃಷ್ಣಪಕ್ಷವು ನಡೆಯುತ್ತಿರುವುದು. ಮೋಡಗಳು ಹಿಂದೆಗೆದು ಆಕಾಶವು ತಿಳಿಯಾಗುವ ಕಾಲವಿದು. ರಾತ್ರಿ ಬಿದ್ದ ಇಬ್ಬನಿಯು ಹೊತ್ತೇರುವವರೆಗೂ ಹುಲ್ಲಿನ ಮೇಲೆ ನಿಲ್ಲುತ್ತದೆ. ಶರದೃತುವು ಪ್ರಯಾಣಕ್ಕೆ ತಕ್ಕ ಕಾಲವೆಂಬುದು ನಮ್ಮ ಹಿರಿಯರ ಮತ. ರಘುವಂಶದ ನಾಲ್ಕನೆಯ ಸರ್ಗದಲ್ಲಿ ಕಾಳಿದಾಸನು ರಘುಮಹಾರಾಜನನ್ನು ದಿಗ್ವಿಜಯಕ್ಕೆ ಹೊರಡಿಸುವುದು ಈ ಋತುವಿನಲ್ಲಿಯೇ. ಹಾದಿಯು ಒಣಗಿರಬೇಕೆಂಬ ಸಣ್ಣ ಸಂಗತಿಯನ್ನೂ ಆ ಮಹಾಕವಿಯು ಮರೆತಿಲ್ಲ. ನಮ್ಮ ಗೃಹಸ್ಥರಿಗೆ ಗೆಲ್ಲಬೇಕಾದ ದಿಕ್ಕುಗಳೇನೂ ಇಲ್ಲ. ಆದರೆ ಅನೇಕರ ಮನೆಯ ಹಜಾರದಲ್ಲಿಯೋ ಮೆಟ್ಟಿಲಿನ ಕೆಳಗೋ ಒಂದು ಬೈಸಿಕಲ್ಲು ಧೂಳು ಹಿಡಿದು ನಿಂತಿದೆ. ಅದನ್ನು ಹೊರಕ್ಕೆ ತೆಗೆಯಲು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಕಾಲವು ದೊರೆಯಲಾರದೆಂಬುದನ್ನೂ, ಹಾಗೆ ವಿಹಾರಾರ್ಥವಾಗಿ ಹೊರಟವನು ದಾರಿಯಲ್ಲಿ ಹೇಗೆ ನಡೆದುಕೊಳ್ಳತಕ್ಕದ್ದೆಂಬುದನ್ನೂ ಈ ತಿಂಗಳು ವಿಚಾರಮಾಡೋಣ.

ನಮ್ಮ ಜನರು ಬಹುಕಾಲ ಬೈಸಿಕಲ್ಲನ್ನು ಕೆಲಸದ ವಾಹನವಾಗಿಯೇ ಕಂಡರು. ಅಂಚೆಯವನು, ಹಾಲಿನವನು, ಗಿರಣಿಯ ಕೂಲಿಗಾರನು, ಹಳ್ಳಿಯ ಪಾಠಶಾಲೆಗೆ ಹೋಗುವ ಉಪಾಧ್ಯಾಯನು, ಇವರೆಲ್ಲರಿಗೂ ಅದು ಅನ್ನದ ಸಾಧನವಾಗಿದ್ದಿತು. ಮೋಟಾರು ವಾಹನವು ಕೈಗೆಟುಕಿದೊಡನೆ ಅವರಲ್ಲಿ ಬಹುಮಂದಿ ಬೈಸಿಕಲ್ಲನ್ನು ಬಿಟ್ಟರು. ಬಿಟ್ಟುದು ತಪ್ಪೆಂದು ನಾವು ಹೇಳಲಾರೆವು. ಆದರೆ ಇದರ ಫಲವಾಗಿ, ಅರುವತ್ತು ವರ್ಷದ ಗೃಹಸ್ಥನೊಬ್ಬನು ಇಂದು ಬೈಸಿಕಲ್ಲನ್ನೇರಿ ಹೊರಟರೆ, ಇವನ ಮನೆಗೆ ಯಾವ ಕಷ್ಟ ಬಂದಿತೋ ಎಂದು ನೆರೆಹೊರೆಯವರು ಮರುಕದಿಂದ ನೋಡುತ್ತಾರೆ. ಕೆಲಸವಿಲ್ಲದೆ, ಕೊಳ್ಳುವುದಿಲ್ಲದೆ, ಕೇವಲ ಬೆಳಗಿನ ಗಾಳಿಗಾಗಿ ಹತ್ತು ಮೈಲಿ ತುಳಿದು ಬರುವವನ ಬುದ್ಧಿಯ ವಿಷಯದಲ್ಲಿಯೂ ಅವರಿಗೆ ಸಂದೇಹವುಂಟು.

ವಯಸ್ಸು ಮೀರಿತೆಂದು ಹಿಂಜರಿಯುವವರಿಗೆ ಒಂದು ನಿದರ್ಶನವನ್ನು ಹೇಳುತ್ತೇವೆ. ಅಮೆರಿಕಾ ದೇಶದಲ್ಲಿ ಸ್ತ್ರೀಯರ ಹಕ್ಕುಗಳಿಗಾಗಿ ದುಡಿದ ಫ್ರಾನ್ಸೆಸ್ ವಿಲ್ಲರ್ಡ್ ಎಂಬಾಕೆಯು ತನ್ನ ಐವತ್ತಮೂರನೆಯ ವಯಸ್ಸಿನಲ್ಲಿ ಬೈಸಿಕಲ್ ಕಲಿತು, ಆ ಅನುಭವವನ್ನು ೧೮೯೫ರಲ್ಲಿ ಪುಸ್ತಕವಾಗಿ ಪ್ರಕಟಿಸಿದಳು. ಡನ್‌ಲಪ್ಪನು ಗಾಳಿ ತುಂಬಿದ ರಬ್ಬರಿನ ಚಕ್ರವನ್ನು ಬೈಸಿಕಲ್ಲಿಗೆ ಅಳವಡಿಸಿ ಆಗ್ಗೆ ಏಳೇ ವರ್ಷವಾಗಿದ್ದಿತು. ನಮ್ಮ ರಾಜ್ಯದಲ್ಲಿ ೨೦೦೬-೦೭ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರದಿಂದ ಬೈಸಿಕಲ್ ಕೊಡುವ ಯೋಜನೆಯು ಆರಂಭವಾದಾಗ, ಹಳ್ಳಿಯ ಹೆಣ್ಣುಮಕ್ಕಳು ನಾಲ್ಕಾರು ಮಂದಿ ಗುಂಪುಗೂಡಿ ನಗುತ್ತ ಸವಾರಿ ಬರುತ್ತಿದ್ದುದನ್ನು ನಾವು ಪಾಠಶಾಲೆಯ ಬಾಗಿಲಿನಲ್ಲಿ ನಿಂತು ಕಂಡವರು. ಆ ವಾಹನವು ವಿದ್ಯೆಗಾಗಿ ಕೊಟ್ಟುದು ನಿಜ. ಆದರೆ ಆ ನಗುವು ವಿಹಾರದ್ದೇ ಆಗಿದ್ದಿತು. ಮೈಸೂರು ನಗರದಲ್ಲಿ ೨೦೧೭ರಲ್ಲಿ 'ಟ್ರಿಣ್ ಟ್ರಿಣ್' ಎಂಬ ಹೆಸರಿನ ಬಾಡಿಗೆ ಬೈಸಿಕಲ್ಲುಗಳು ಬಂದ ಮೇಲೆ, ಸ್ವಂತ ವಾಹನವಿಲ್ಲದವರಿಗೂ ಈ ಅಭ್ಯಾಸವು ಪರಿಚಯವಾಯಿತು.

ಇನ್ನು ಋತುವಿನ ವಿಚಾರ. ಮೈಸೂರಿನ ಸುತ್ತಿನಲ್ಲಿ ಅಕ್ಟೋಬರ್ ತಿಂಗಳು ಒಳ್ಳೆಯ ಮಳೆಯ ತಿಂಗಳು. ನವೆಂಬರ್ ನಡುವಿನಿಂದ ದಾರಿಗಳು ಆರುತ್ತವೆ. ಪೂರ್ವಸಮುದ್ರದಲ್ಲಿ ಚಂಡಮಾರುತವೆದ್ದರೆ ಎರಡು ಮೂರು ದಿನ ಜಿನುಗುಮಳೆ ಬರುವುದುಂಟು; ಆಗ ಮನೆಯಲ್ಲಿಯೇ ಇರುವುದು ಲೇಸು. ಹಗಲು ದಿನೇ ದಿನೇ ಕಿರಿದಾಗುವುದನ್ನು ಎಲ್ಲರೂ ಬಲ್ಲರು. ಆದರೆ ಅದು ಕಿರಿದಾಗುವ ಕ್ರಮವು ಅನೇಕರಿಗೆ ತಿಳಿಯದು. ನಮ್ಮ ಅಕ್ಷಾಂಶದಲ್ಲಿ ಸೂರ್ಯನು ಅತಿ ಬೇಗನೆ ಮುಳುಗುವುದು ಡಿಸೆಂಬರಿನಲ್ಲಲ್ಲ, ನವೆಂಬರಿನ ನಡುವಿನ ಬಳಿಕ. ಅತಿ ತಡವಾಗಿ ಹುಟ್ಟುವುದು ಜನವರಿಯ ಕೊನೆಯ ಭಾಗದಲ್ಲಿ. ಆದುದರಿಂದ ಈಗ ಸಂಜೆಯ ಸವಾರಿಯನ್ನು ನಂಬಬಾರದು; ಆರು ಗಂಟೆಗೆಲ್ಲ ಕತ್ತಲು ಕವಿಯುತ್ತದೆ. ಬೆಳಗಿನ ಆರೂವರೆಗೆ ಹೊರಟರೆ ಬೆಳಕೂ ಉಂಟು, ತಂಪೂ ಉಂಟು.

ಗಾಳಿಯ ದಿಕ್ಕನ್ನೂ ತಿಳಿದಿರಬೇಕು. ಮುಂಗಾರಿನಲ್ಲಿ ಪಶ್ಚಿಮದಿಂದ ಬೀಸುತ್ತಿದ್ದ ಗಾಳಿಯು ಈಗ ತಿರುಗಿ ಈಶಾನ್ಯದಿಂದ ಬೀಸುತ್ತದೆ. ಗಾಳಿಯ ತಡೆಯು ವೇಗದ ವರ್ಗದಂತೆ ಬೆಳೆಯುವುದೆಂದು ಭೌತಶಾಸ್ತ್ರವು ಹೇಳುತ್ತದೆ. ಎಂದರೆ ಎದುರು ಬರುವ ಗಾಳಿಯ ವೇಗವು ಎರಡರಷ್ಟಾದರೆ ತಡೆಯು ನಾಲ್ಕರಷ್ಟಾಗುವುದು. ಹೀಗಿರುವುದರಿಂದ ಮೈಯಲ್ಲಿ ಶಕ್ತಿಯಿರುವಾಗಲೇ ಗಾಳಿಗೆ ಎದುರಾಗಿ ಹೋಗಿ, ದಣಿದ ಮೇಲೆ ಗಾಳಿಯು ಬೆನ್ನನ್ನು ತಳ್ಳುವಂತೆ ಹಿಂದಿರುಗುವುದು ಬುದ್ಧಿವಂತಿಕೆ. ಮೈಸೂರಿನವರಿಗೆ ಈ ಲೆಕ್ಕವು ಅನಾಯಾಸವಾಗಿ ಒದಗುತ್ತದೆ. ಶ್ರೀರಂಗಪಟ್ಟಣವು ಮೈಸೂರಿಗೆ ಈಶಾನ್ಯದಲ್ಲಿ, ಸುಮಾರು ೧೫ ಕಿಲೋಮೀಟರುಗಳ ದೂರದಲ್ಲಿದೆ. ಅವಸರವಿಲ್ಲದೆ ತುಳಿದರೆ ಒಂದೂಕಾಲು ಗಂಟೆಯ ದಾರಿ.

ಈ ದಾರಿಯಲ್ಲಿ ಒಂದು ಎಚ್ಚರಿಕೆಯುಂಟು. ಬೆಂಗಳೂರು-ಮೈಸೂರು ಹೆದ್ದಾರಿಯನ್ನು ಅಗಲಗೊಳಿಸಿದ ಮೇಲೆ, ೨೦೨೩ರ ಆಗಸ್ಟ್ ೧ರಿಂದ ಅದರ ಮುಖ್ಯಪಥದಲ್ಲಿ ಬೈಸಿಕಲ್ಲು, ಮೋಟಾರ್ ಸೈಕಲ್ಲು, ಆಟೋ, ಟ್ರಾಕ್ಟರುಗಳ ಪ್ರವೇಶವನ್ನು ನಿಷೇಧಿಸಿದ್ದಾರೆ. ನಮ್ಮಂಥವರು ಪಕ್ಕದ ಸೇವಾರಸ್ತೆಯಲ್ಲಿಯೋ ಹಳ್ಳಿಗಳ ಒಳದಾರಿಯಲ್ಲಿಯೋ ಹೋಗಬೇಕು. ಇದನ್ನು ಕೆಲವರು ಅಪಮಾನವೆಂದು ಬಗೆಯುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ಹೆದ್ದಾರಿಯ ಗೋಡೆಗಳ ನಡುವೆ ಹೋಗುವವನಿಗೆ ಕಬ್ಬಿನ ಗದ್ದೆ ಕಾಣದು, ಬೆಲ್ಲದ ಆಲೆಮನೆಯ ಹೊಗೆಯ ವಾಸನೆ ಬಾರದು. ಶ್ರೀರಂಗಪಟ್ಟಣವನ್ನು ಸೇರಿದವರು, ೧೮೦೪ರಲ್ಲಿ ಪೂರ್ಣಯ್ಯನವರ ದಿವಾನಗಿರಿಯಲ್ಲಿ ಕಾವೇರಿಯ ಉತ್ತರದ ಕವಲಿಗೆ ಕಟ್ಟಿದ ಕಲ್ಲುಕಂಬಗಳ ವೆಲ್ಲೆಸ್ಲಿ ಸೇತುವೆಯನ್ನು ದಂಡೆಯಲ್ಲಿ ನಿಂತು ನೋಡಬಹುದು. ಇನ್ನೂ ಶಕ್ತಿಯಿದ್ದರೆ ರಂಗನತಿಟ್ಟು ಅಲ್ಲಿಂದ ಬಹುದೂರವಿಲ್ಲ. ಪಕ್ಷಿಶಾಸ್ತ್ರಜ್ಞರಾದ ಸಲೀಂ ಅಲಿಯವರ ಸಲಹೆಯಂತೆ ೧೯೪೦ರಲ್ಲಿ ಪಕ್ಷಿಧಾಮವಾದ ಆ ದ್ವೀಪಗಳಿಗೆ ೨೦೨೨ರಲ್ಲಿ ರಾಮ್ಸಾರ್ ಒಪ್ಪಂದದ ಮನ್ನಣೆಯೂ ದೊರೆತಿದೆ.

ಇಷ್ಟು ಹೇಳಿ ಮುಗಿಸಿದ್ದರೆ ಈ ಲೇಖನವು ಕೇವಲ ವಿನೋದದ ಮಾತಾಗುತ್ತಿತ್ತು. ಆದರೆ ಈ ಋತುವಿನ ಹಳ್ಳಿಯ ರಸ್ತೆಯು ನಮ್ಮ ವಿಹಾರಕ್ಕಾಗಿ ಬಿಡುವಾಗಿ ಕಾದಿರುವುದಿಲ್ಲ. ಕಾರ್ತಿಕವು ಕಳೆಯುತ್ತ ಬಂದಂತೆ ರಾಗಿಯ ಕೊಯ್ಲು ನಡೆಯುತ್ತದೆ. ಅದರ ಹಿಂದೆಯೇ ಅವರೆ, ಹುರುಳಿಗಳು ಬರುತ್ತವೆ. ರೈತರು ತೆನೆಯನ್ನೂ ಬಳ್ಳಿಯನ್ನೂ ಡಾಂಬರು ರಸ್ತೆಯ ಮೇಲೆ ಹರಡಿ, ಹೋಗಿಬರುವ ವಾಹನಗಳ ಚಕ್ರಗಳಿಂದಲೇ ಒಕ್ಕಣೆ ಮಾಡಿಕೊಳ್ಳುತ್ತಾರೆ. ಬಸ್ಸಿಗೂ ಲಾರಿಗೂ ಅದು ಅಷ್ಟಾಗಿ ಬಾಧಕವಲ್ಲ. ಬೈಸಿಕಲ್ಲಿನ ಸ್ಥಿತಿಯೇ ಬೇರೆ. ಅದರ ಚಕ್ರವು ನೆಲವನ್ನು ಮುಟ್ಟುವುದು ಹೆಬ್ಬೆರಳಿನಷ್ಟು ಸ್ಥಳದಲ್ಲಿ. ಕಾಲ ಕೆಳಗೆ ದುಂಡಗಿನ ನುಣುಪಾದ ಕಡ್ಡಿಗಳು ಉರುಳಿದರೆ ಹಿಡಿತವು ತಪ್ಪುತ್ತದೆ. ಹುರುಳಿಯ ಬಳ್ಳಿಯಂತೂ ಸರಪಳಿಗೂ ಚಕ್ರದ ಗುಂಬಕ್ಕೂ ಹಗ್ಗದಂತೆ ಸುತ್ತಿಕೊಳ್ಳುತ್ತದೆ. ಕಾರುಗಳ ಅಡಿಯ ಬಿಸಿಯಾದ ಭಾಗಕ್ಕೆ ಅದು ಸುತ್ತಿಕೊಂಡು ಬೆಂಕಿ ಹತ್ತಿದ ಪ್ರಸಂಗಗಳೂ ನಮ್ಮ ನಾಡಿನಲ್ಲಿ ನಡೆದಿವೆ.

ಹಿಂದಿನ ವರ್ಷ ನಮ್ಮಲ್ಲಿ ಓದಿದ ತರುಣನೊಬ್ಬನು ಇಂತಹ ಹುರುಳಿಯ ಮೇಲೆ ವೇಗದಿಂದ ಹೋಗಿ ಬಿದ್ದು ಕೊರಳ ಬಳಿಯ ಮೂಳೆಯನ್ನು ಮುರಿದುಕೊಂಡನು. ಹುರುಳಿಯ ಒಡೆಯನಾದ ಮುದುಕನೇ ಅವನನ್ನು ಎಬ್ಬಿಸಿ ಆಸ್ಪತ್ರೆಗೆ ಕರೆತಂದನು. ಹುಡುಗನ ತಂದೆಯವರಿಗೆ ಕೋಪವು ಬಂದುದು ಸಹಜ. ರಸ್ತೆಯು ಒಕ್ಕಣೆಗಾಗಿ ಹಾಕಿದುದಲ್ಲವೆಂದೂ, ಪೊಲೀಸಿನವರಿಗೆ ದೂರು ಕೊಡುವುದೇ ಸರಿಯೆಂದೂ ಹೇಳಿ, ನಮ್ಮ ಅಭಿಪ್ರಾಯವನ್ನು ಕೇಳಿದರು. ಒಮ್ಮೆ ಆ ಹಳ್ಳಿಗೆ ಹೋಗಿ ಬಂದು ಆಮೇಲೆ ತೀರ್ಮಾನಿಸೋಣವೆಂದೆವು, ಇಬ್ಬರೂ ಹೋದೆವು. ಮುದುಕನು ಅಡಗಿಕೊಳ್ಳಲಿಲ್ಲ. "ಎತ್ತು ಮಾರಿ ಆರು ವರ್ಷವಾಯಿತು ಸ್ವಾಮಿ. ಕಣದ ಜಾಗ ಅಣ್ಣತಮ್ಮಂದಿರ ಪಾಲಿನಲ್ಲಿ ಹೋಗಿ ಸೈಟಾಯಿತು. ರಸ್ತೆ ಬಿಟ್ಟರೆ ಗಟ್ಟಿನೆಲ ನನಗೆಲ್ಲಿದೆ?" ಎಂದನು.

ಅವನ ಮಾತು ದಿಟವಾದುದು. ನೆಲವನ್ನು ಸಮಮಾಡಿ, ನೀರು ಹೊಯ್ದು ತುಳಿದು, ಸಗಣಿಯಿಂದ ಸಾರಿಸಿ, ನಡುವೆ ಮೇಟಿಯನ್ನು ನೆಟ್ಟು, ಎತ್ತುಗಳನ್ನು ಸುತ್ತಿಸಿ ಒಕ್ಕಣೆ ಮಾಡುವ ಕಣವು ಹಳ್ಳಿಗಳಲ್ಲಿ ಅಪರೂಪವಾಗಿದೆ. ಎತ್ತಿಲ್ಲ, ಆಳಿಲ್ಲ, ಜಾಗವಿಲ್ಲ. ಉದ್ಯೋಗ ಖಾತರಿ ಯೋಜನೆಯಿಂದ ಕೆಲವು ಕಡೆ ಒಕ್ಕಣೆಯ ಕಣಗಳನ್ನು ಕಟ್ಟಿಸಿದುದುಂಟು. ಆ ಹಳ್ಳಿಗೆ ಅದು ಬಂದಿರಲಿಲ್ಲ. ಆದರೆ ತಂದೆಯವರ ಮಾತೂ ದಿಟವೇ. ದಾರಿಯು ನಡೆಯುವವರಿಗಾಗಿ ಇರುವುದು. ಒಬ್ಬನ ಹೊಟ್ಟೆಪಾಡಿಗಾಗಿ ಇನ್ನೊಬ್ಬನ ಮಗನ ಮೂಳೆ ಮುರಿಯಬಾರದು. ಎರಡು ನ್ಯಾಯಗಳು ಹೀಗೆ ಎದುರಾದಾಗ, ಯಾರು ಹಿಂದೆ ಸರಿದರೆ ನಷ್ಟವು ಕಡಿಮೆಯಾಗುವುದೆಂದು ನೋಡಬೇಕೆಂಬುದು ನಮ್ಮ ಮತ. ಮುದುಕನು ರಸ್ತೆಯನ್ನು ಬಿಟ್ಟರೆ ಅವನ ವರ್ಷದ ಹುರುಳಿಯು ಹೋಗುತ್ತದೆ. ವಿಹಾರಕ್ಕೆ ಬಂದವನು ಇಳಿದು, ಬೈಸಿಕಲ್ಲನ್ನು ತಳ್ಳಿಕೊಂಡು ಐವತ್ತು ಹೆಜ್ಜೆ ನಡೆದರೆ ಹೋಗುವುದು ಎರಡು ನಿಮಿಷ. ಅವನಿಗೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕಾದ ಕಚೇರಿಯಿಲ್ಲ, ಕಾಯುವ ಯಜಮಾನನಿಲ್ಲ. ತುರ್ತಿಲ್ಲದವನು ತುರ್ತುಳ್ಳವನಿಗೆ ದಾರಿ ಬಿಡತಕ್ಕದ್ದು.

ರೈತನಿಗೂ ಕರ್ತವ್ಯವುಂಟೆಂಬುದನ್ನು ಅಂದು ಆ ಮುದುಕನಿಗೆ ಹೇಳದೆ ಬರಲಿಲ್ಲ. ರಸ್ತೆಯ ಅರ್ಧವನ್ನಾದರೂ ಖಾಲಿ ಬಿಡಬೇಕು, ತಿರುವಿನಲ್ಲಿ ಹರಡಬಾರದು, ಕಾವಲಿಗಾಗಿ ಸುತ್ತಲೂ ದಪ್ಪ ಕಲ್ಲುಗಳನ್ನಿಡುವ ಪದ್ಧತಿಯನ್ನು ಬಿಡಬೇಕು, ಕತ್ತಲಾಗುವುದರೊಳಗೆ ಎಲ್ಲವನ್ನೂ ಬಳಿದು ತೆಗೆಯಬೇಕು. ಒಪ್ಪಿಕೊಂಡನು. ತಂದೆಯವರು ದೂರು ಕೊಡಲಿಲ್ಲ. ಬದಲಾಗಿ, ಊರಿಗೆ ಒಂದು ಕಣವು ಬೇಕೆಂದು ಪಂಚಾಯಿತಿಗೆ ಬರೆದ ಅರ್ಜಿಗೆ ಮುದುಕನ ಹೆಬ್ಬೆಟ್ಟಿನ ಪಕ್ಕದಲ್ಲಿ ತಾವೂ ಸಹಿ ಹಾಕಿದರು. ವರ್ಷವಾಗುತ್ತ ಬಂದರೂ ಅದಕ್ಕೆ ಉತ್ತರವು ಬಂದಿಲ್ಲ. ಮತ್ತೊಮ್ಮೆ ಬರೆಯುವುದೆಂದು ನಿಶ್ಚಯಿಸಿದ್ದೇವೆ. ಹುಡುಗನ ಮೂಳೆಯು ಕೂಡಿಕೊಂಡಿದೆ. ಆದರೂ ಮಳೆ ಹಿಡಿದ ದಿನ ನೋಯುತ್ತದಂತೆ.

ಇಳಿಯಲು ಅವಕಾಶವಿಲ್ಲದೆ ತೆನೆಯ ಮೇಲೆಯೇ ಚಕ್ರವು ಹೋಗಿಬಿಟ್ಟರೆ ಮಾಡತಕ್ಕದ್ದೇನೆಂಬುದನ್ನು ಎಲ್ಲರೂ ತಿಳಿದಿರಬೇಕು. ಬ್ರೇಕನ್ನು, ಅದರಲ್ಲಿಯೂ ಮುಂದಿನ ಚಕ್ರದ ಬ್ರೇಕನ್ನು, ಹಿಡಿಯಬಾರದು. ಹಿಡಿಕೆಯನ್ನು ತಿರುಗಿಸಬಾರದು. ತುಳಿಯುವುದನ್ನು ನಿಲ್ಲಿಸಿ, ಮೈಯನ್ನು ನೆಟ್ಟಗಿಟ್ಟು, ಬಂದ ವೇಗದಲ್ಲಿಯೇ ನೇರವಾಗಿ ಆಚೆಗೆ ಸಾಗಬೇಕು. ಇಬ್ಬನಿ ಆರದ ಬೆಳಗಿನಲ್ಲಿ ಹುಲ್ಲು ಒದ್ದೆಯಾಗಿದ್ದರೆ ಅಪಾಯವು ಹೆಚ್ಚು. ಕಬ್ಬಿನ ಗಾಡಿಗಳಿಂದ ಬಿದ್ದ ಜಲ್ಲೆಗಳನ್ನು ದೂರದಿಂದಲೇ ಗುರುತಿಸಿ ಸುತ್ತಿ ಹೋಗಬೇಕು.

ಗೃಹಿಣಿಯರ ಗಮನಕ್ಕೂ ಎರಡು ಮಾತು. ಮುಂಜಾನೆ ಸವಾರಿಗೆ ಹೊರಡುವವರನ್ನು ಬರಿಹೊಟ್ಟೆಯಲ್ಲಿ ಕಳುಹಿಸಬೇಡಿ. ಒಂದು ಬಾಳೆಯಹಣ್ಣು, ಒಂದು ಲೋಟ ಹಾಲು ಸಾಕು. ಎದೆಗೆ ತಣ್ಣನೆಯ ಗಾಳಿ ಬಡಿಯದಂತೆ ಅಂಗಿಯ ಒಳಗೆ ಹಳೆಯ ವೃತ್ತಪತ್ರಿಕೆಯ ಒಂದು ಹಾಳೆಯನ್ನು ಇಡುವುದು ಯೂರೋಪಿನ ಪಂದ್ಯದ ಸವಾರರು ಬೆಟ್ಟವಿಳಿಯುವಾಗ ಮಾಡುತ್ತಿದ್ದ ಹಳೆಯ ಉಪಾಯ; ಚಾಮುಂಡಿಬೆಟ್ಟದಿಂದ ಇಳಿಯುವವರಿಗೂ ಅದು ಸಲ್ಲುತ್ತದೆ. ಶಿರಸ್ತ್ರಾಣವೂ, ಹಿಂದೆ ಕೆಂಪು ದೀಪವೂ ಇರಲೇಬೇಕು. ಎದೆನೋವು, ರಕ್ತದ ಒತ್ತಡಗಳಿರುವವರು ವೈದ್ಯರನ್ನು ಕೇಳಿದ ಮೇಲೆಯೇ ಆರಂಭಿಸಬೇಕು. ಮೊದಲ ವಾರ ಐದು ಕಿಲೋಮೀಟರು ಹೋಗಿ ಬಂದರೆ ಸಾಕು. ಶ್ರೀರಂಗಪಟ್ಟಣವು ಎಲ್ಲಿಗೂ ಓಡಿಹೋಗುವುದಿಲ್ಲ. ಹೆಣ್ಣುಮಕ್ಕಳು ಜೊತೆಗೆ ಬರುವೆವೆಂದರೆ ತಡೆಯಬೇಡಿ. ಇಬ್ಬರಿದ್ದರೆ ದಾರಿಯೂ ಸವೆಯುತ್ತದೆ, ಮನೆಯವರ ಕಳವಳವೂ ಕಡಿಮೆಯಾಗುತ್ತದೆ.

ಹಜಾರದಲ್ಲಿರುವ ಬೈಸಿಕಲ್ಲಿನ ಧೂಳನ್ನು ಈ ಭಾನುವಾರವೇ ಒರೆಸಿ, ಸರಪಳಿಗೆ ನಾಲ್ಕು ತೊಟ್ಟು ಎಣ್ಣೆ ಬಿಟ್ಟು, ಚಕ್ರಕ್ಕೆ ಗಾಳಿ ತುಂಬಿಸಿರಿ. ದಾರಿಯಲ್ಲಿ ರಾಗಿ ಹರಡಿರುವುದು ಕಂಡಲ್ಲಿ ಇಳಿದು ನಡೆಯಿರಿ. ಅಲ್ಲಿ ಯಾರಾದರೂ ತೆನೆ ಹರಡುತ್ತಿದ್ದರೆ, ಈ ವರ್ಷದ ಬೆಳೆ ಹೇಗಾಯಿತೆಂದು ವಿಚಾರಿಸಿರಿ.