ಎರವಲು ನಾಣ್ಯ

ಅಂತಿಮ ಬಿ.ಎ. ವರ್ಷದಲ್ಲಿ ಜಾದೂ ಕಲಿಯುವುದೇ ಎಂದು ಹುಬ್ಬುಗಂಟಿಕ್ಕುವ ಗುರುಹಿರಿಯರಲ್ಲಿ ಮೊದಲೇ ಕ್ಷಮೆ ಬೇಡುತ್ತೇನೆ. ನಾನು ಹೇಳುತ್ತಿರುವುದು ರಂಗದ ಮೇಲಿನ ದೊಡ್ಡ ಇಂದ್ರಜಾಲವನ್ನಲ್ಲ. ಅದಕ್ಕೆ ಹಣ ಬೇಕು. ಎದುರಿಗೆ ಕುಳಿತವರಿಂದಲೇ ನಾಣ್ಯವನ್ನೋ ಉಂಗುರವನ್ನೋ ಎರವಲು ಪಡೆದು, ಗೇಣುದೂರದಲ್ಲಿ ಮಾಡಿ ತೋರಿಸುವ ಸಣ್ಣ ಕೈಚಳಕವನ್ನು. ಹಾಸ್ಟೆಲಿನ ಹುಡುಗನ ಜೇಬಿಗೆ ಒಪ್ಪುವ ಕಲೆಯೆಂದರೆ ಇದೊಂದೇ.

ನಾನು ಕಲಿತ ಮೊದಲ ಪಾಠ ಹೀಗಿದೆ. ನಾಣ್ಯವನ್ನು ಎಡಗೈಯ ಬೆರಳ ತುದಿಯಲ್ಲಿ ಹಿಡಿಯಬೇಕು. ಬಲಗೈ ಅದನ್ನು ತೆಗೆದುಕೊಳ್ಳುವಂತೆ ಬರುತ್ತದೆ. ಅದರ ಬೆರಳುಗಳು ಮರೆಯಾದ ಕ್ಷಣದಲ್ಲಿ ನಾಣ್ಯ ಎಡ ಅಂಗೈಗೇ ಜಾರಿ ಬೀಳುತ್ತದೆ. ಬಲಗೈ ಬರಿದೇ ಮುಷ್ಟಿ ಕಟ್ಟಿ ದೂರ ಸರಿಯುತ್ತದೆ. ಹೇಳಲು ಇಷ್ಟೇ, ಕನ್ನಡಿಯ ಮುಂದೆ ನನಗೆ ಎರಡು ತಿಂಗಳು ಹಿಡಿಯಿತು. ಈಗಿನ ಒಂದು ರೂಪಾಯಿ ನಾಣ್ಯ ತೀರ ಚಿಕ್ಕದು, ಬೆವರಿಗೆ ಜಾರುತ್ತದೆ. ನಮ್ಮೂರ ಅಂಗಡಿಯಾತ ಮುಟ್ಟಲೊಲ್ಲದ ಹತ್ತು ರೂಪಾಯಿಯ ನಾಣ್ಯ, 27 ಮಿಲಿಮೀಟರ್ ಅಗಲದ್ದು, ಕೈಗೆ ಸರಿಯಾಗಿ ಒದಗಿತು. ಆದರೆ ಗುಟ್ಟು ಕೈಯಲ್ಲಿಲ್ಲ. ಬರಿಯ ಮುಷ್ಟಿಯಲ್ಲಿ ನಾಣ್ಯವಿದೆಯೆಂದು ನಾನೇ ನಂಬಿದವನಂತೆ ಅದನ್ನು ನೋಡಬೇಕು. ನನ್ನ ನೋಟ ಹೋದತ್ತ ಎದುರಿನವರ ನೋಟವೂ ಹೋಗುತ್ತದೆ. ನಮ್ಮ ಹಿರಿಯರು ಇದನ್ನು ಕಣ್ಕಟ್ಟು ಎಂದು ಕರೆದದ್ದು ಎಷ್ಟು ಸರಿ! ನಾಣ್ಯ ಎರವಲಿನದಾದರೆ ಇನ್ನೂ ಸುಲಭ. ತನ್ನದೇ ವಸ್ತುವನ್ನು ಯಾರು ತಾನೆ ಸಂದೇಹಿಸುತ್ತಾರೆ?

ಹಾಸ್ಟೆಲಿನ ಗೆಳೆಯರೆಲ್ಲ ಬೆಪ್ಪಾದರು. ಅಧ್ಯಾಪಕರೊಬ್ಬರು ತಮ್ಮ ನಾಣ್ಯವನ್ನು ಮೂರು ಸಲ ಕಳೆದುಕೊಂಡು ನಾಲ್ಕನೆಯ ಸಲ ಕೊಡಲೇ ಇಲ್ಲ. ಅವರ ಪೆಚ್ಚುಮೋರೆ ನೋಡಿ ಎಲ್ಲರೂ ನಕ್ಕರು. ನನಗೆ ಮಾತ್ರ ಅವ್ವನ ನೆನಪಾಯಿತು.

ನಾನು ಏಳನೆಯ ತರಗತಿಯಲ್ಲಿದ್ದಾಗ, ಮನೆಗೆ ದೋಷವಿದೆಯೆಂದು ಹೇಳಿಕೊಂಡು ಒಬ್ಬ ಬಂದ. ಅವ್ವನ ಓಲೆಗಳನ್ನು ಅವಳ ಕಣ್ಣೆದುರಿಗೇ ಅರಿಸಿನದ ಬಟ್ಟೆಯಲ್ಲಿ ಕಟ್ಟಿಕೊಟ್ಟು, ಒಂಬತ್ತು ದಿನ ಬಿಚ್ಚಬಾರದೆಂದ. ಬಿಚ್ಚಿದಾಗ ಇದ್ದುದು ಎರಡು ಹುಣಿಸೆಬೀಜ. ಓದುಬರಹವಿಲ್ಲದವಳ ಬುದ್ಧಿ ಇಷ್ಟೇ ಎಂದು ಮನೆಯವರೆಲ್ಲ ಅಂದರು. ಶಾಲೆಗೆ ಹೋಗುತ್ತಿದ್ದ ನಾನೂ ಅಂದೆ. ಆ ಮಾತನ್ನು ಹೊತ್ತುಕೊಂಡೇ ಅವಳು ಕೂಲಿ ಮಾಡಿ ನನ್ನನ್ನು ಬಿ.ಎ.ವರೆಗೆ ತಂದಳು. ಎರಡೆರಡು ಪದವಿ ಪಡೆದವರ ಕಣ್ಣನ್ನೂ ಕಟ್ಟಬಹುದೆಂದು ತಿಳಿಯಲು ನಾನು ನಾಣ್ಯ ಹಿಡಿಯಬೇಕಾಯಿತು.

ಗುಟ್ಟು ಬಿಟ್ಟುಕೊಡಬಾರದೆಂದು ಜಾದೂಗಾರರು ಹೇಳುತ್ತಾರೆ. ವೃತ್ತಿಯವರಿಗೆ ಅದು ಅನ್ನ, ಒಪ್ಪುತ್ತೇನೆ. ನಮ್ಮಂಥ ಹವ್ಯಾಸಿಗಳಿಗೆ ಆ ಕಟ್ಟಳೆ ಬೇಡವೆಂಬುದೇ ನನ್ನ ವಾದ. ಮಾಟಗಾತಿಯರೆಂದು ಬಡ ಮುದುಕಿಯರನ್ನು ಹಿಂಸಿಸುವುದನ್ನು ಖಂಡಿಸಿ ರೆಜಿನಾಲ್ಡ್ ಸ್ಕಾಟ್ ಎಂಬ ಆಂಗ್ಲ ಲೇಖಕ 1584ರಲ್ಲಿ ಬರೆದ ಗ್ರಂಥದಲ್ಲಿಯೇ ನಾಣ್ಯದ, ಇಸ್ಪೀಟಿನ ಕೈಚಳಕಗಳನ್ನು ಬಿಡಿಸಿ ಹೇಳಿದ್ದಾನೆ. ನಮ್ಮಲ್ಲಿ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆಂದೇ ಸಮಿತಿ ರಚಿಸಿದರು. 2017ರ ಮಾಟಮಂತ್ರ ನಿಷೇಧದ ಕಾಯಿದೆಯೂ ಇದೆ. ಕಾಯಿದೆಯನ್ನು ಓದುವವರು ಊರಿನಲ್ಲಿ ಎಷ್ಟು ಮಂದಿ? ನಾಣ್ಯವಾದರೆ ಎಲ್ಲರ ಸೆರಗಿನಲ್ಲೂ ಇದೆ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅವ್ವನ ಎಲೆಅಡಿಕೆ ಚೀಲದಿಂದಲೇ ನಾಣ್ಯ ಕೇಳಿ ಪಡೆದು ಮಾಯ ಮಾಡಿದೆ. ಆಮೇಲೆ ನಿಧಾನವಾಗಿ ಇನ್ನೊಮ್ಮೆ ಮಾಡಿ, ಎರಡು ಕೈಗಳನ್ನೂ ಬಿಚ್ಚಿ ತೋರಿಸಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು.

“ಅವನೂ ಹಿಂಗೇ ಮಾಡಿದ್ನೇನೋ ಮಗ?”

“ಹೂಂ ಅವ್ವ. ನಮ್ಮ ಮೇಷ್ಟ್ರಿಗೂ ಗೊತ್ತಾಗ್ಲಿಲ್ಲ.”

ಅವಳು ನಾಣ್ಯವನ್ನು ಇಸಿದುಕೊಂಡು, ಒರಟಾದ ಬೆರಳ ತುದಿಯಲ್ಲಿ ಹಿಡಿದು, “ಎಲ್ಲಿ, ಇನ್ನೊಂದ್ಸಲ ತೋರ್ಸು” ಎಂದಳು.