ಪಹಣಿಯಲ್ಲಿಲ್ಲದ ಹೆಸರು



ನಾಟಿ, ಕಳೆ, ಕುಯ್ಲು ಎಲ್ಲಕ್ಕೂ ಹೆಂಗಸರು ಬೇಕು, ಪಹಣಿಗೆ ಬೇಡ. 2015-16ರ ಕೃಷಿ ಗಣತಿಯಲ್ಲಿ ದೇಶದ ನೂರು ಹಿಡುವಳಿಗಳಲ್ಲಿ ಹೆಂಗಸರ ಹೆಸರಲ್ಲಿದ್ದದ್ದು ಸುಮಾರು 14. ಬಜೆಟ್ಟಿನ ಹಣ ಹರಿಯುವುದು ಪಹಣಿಯ ಜಾಡಿನಲ್ಲೇ. 2019ರಿಂದ ಕೇಂದ್ರ ಕೊಡುತ್ತಿರುವ ವರ್ಷದ 6,000 ರೂಪಾಯಿ ಇರಲಿ, ಬೆಳೆ ಪರಿಹಾರವಿರಲಿ, ಮೊದಲ ಪ್ರಶ್ನೆ 'ಜಮೀನು ಯಾರ ಹೆಸರಲ್ಲಿದೆ?'

ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಎಂಬ ಕಾನೂನು ಕರ್ನಾಟಕದಲ್ಲಿ 1994ರಲ್ಲೇ ಬಂತು, ದೇಶಕ್ಕೆಲ್ಲ 2005ರಲ್ಲಿ. ಆದರೂ 'ವರದಕ್ಷಿಣೆ ಕೊಟ್ಟಾಗಿದೆಯಲ್ಲ' ಎಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಆ ದುಡ್ಡು ಸೇರಿದ್ದು ಬೀಗರ ಮನೆಗೆ, ಅವಳ ಕೈಗಲ್ಲ. ನಾಳೆ ಏಟು ತಿಂದು ತವರಿಗೆ ಬಂದರೆ ಅವಳಿಗೆ ಅಲ್ಲಿ ಅರ್ಧ ಎಕರೆಯೂ ಇಲ್ಲ.

2005-06ರಿಂದ ಕೇಂದ್ರ ಬಜೆಟ್ಟಿನ ಜೊತೆ ಮಹಿಳೆಯರ ಪಾಲಿನ ಪಟ್ಟಿಯೊಂದು ಬರುತ್ತಿದೆ. (ಮೂರು ದಶಕ ಪಾಠ ಹೇಳಿದ ನನಗೂ ಅದನ್ನು ಓದಿದರೆ ತಲೆ ಸುತ್ತುತ್ತದೆ.) ಮೀಸಲಿಟ್ಟ ಹಣ ಅದರಲ್ಲಿ ಕಾಣುತ್ತದೆ, ಯಾವ ಹೆಂಗಸಿನ ಖಾತೆಗೆ ಬಿತ್ತೆಂಬುದು ಕಾಣುವುದಿಲ್ಲ. ಪೌತಿಖಾತೆ, ಜಂಟಿಖಾತೆ ಮಾಡಿಕೊಡಲು ಹಳ್ಳಿಗೇ ಬರುವ ಸಿಬ್ಬಂದಿಗೆ ಮೊದಲು ಹಣವಿಡಲಿ. ಪಹಣಿಯಿಲ್ಲದೆ ಉಳುವವರನ್ನೂ ರೈತರೆಂದು ಬರೆದುಕೊಳ್ಳಲಿ.

ಮುಂದಿನ ಗ್ರಾಮಸಭೆಗೆ ಸಂಘದವರೆಲ್ಲ ಒಟ್ಟಿಗೆ ಹೋಗಿ, ನಮ್ಮೂರಲ್ಲಿ ಹೆಂಗಸರ ಹೆಸರಿನ ಪಹಣಿ ಎಷ್ಟಿವೆ ಎಂದು ಕೇಳಿ. ಉತ್ತರವನ್ನು ನಡಾವಳಿಯಲ್ಲಿ ಬರೆಸಿಯೇ ಏಳಿ.